ಹದ್ದಣ್ಣನ ಕೋಣೆಯ ಗೆರೆ

ಅವನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ನಗರಸಭೆಯ ಚಿತ್ರಾಲಯದಲ್ಲಿ ಎಲ್ಲರ ಬಾಯಲ್ಲೂ ಅವನು ಹದ್ದಣ್ಣ. ಕಾವಲು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಕೋಣೆಯ ಆ ತುದಿಯಲ್ಲಿ ಯಾವನೋ ಪುಣ್ಯಾತ್ಮ ಚಿತ್ರದ ಬಣ್ಣವನ್ನು ಉಗುರಿನಿಂದ ಕೆರೆಯುತ್ತಿದ್ದದ್ದನ್ನು ಈ ತುದಿಯ ಕುರ್ಚಿಯಿಂದಲೇ ಕಂಡು, ಓಡಿಹೋಗಿ ಕೈ ಹಿಡಿದಿದ್ದ. ಅಂದಿನಿಂದ ಆ ಹೆಸರು ಅಂಟಿಕೊಂಡಿತು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವುದು ಎನ್ನುತ್ತಾರಲ್ಲ, ಹಾಗೆ ಕಾದ. ವಿಧಿಗೆ ಅದೇ ಕಣ್ಣು ಬೇಕಾಗಿತ್ತು ನೋಡಿ.

ಮೊದಲು ನೋಟದ ನಡುವೆ ಒಂದು ಮಸುಕು ಬಂತು. ಆಮೇಲೆ ಅದು ಹರಡಿತು. ಎದುರು ನಿಂತವರ ಮುಖ ಮಾಯವಾಗಿ ಕಿವಿ, ಹೆಗಲು ಮಾತ್ರ ಉಳಿದವು. ಏನನ್ನಾದರೂ ನೋಡಬೇಕೆಂದರೆ ಕೋಳಿಯ ಹಾಗೆ ತಲೆ ಓರೆ ಮಾಡಬೇಕು. ಆದರೂ ಯಾರಿಗೂ ತಿಳಿಯಲಿಲ್ಲ. ಹೇಗೆ ತಿಳಿದೀತು? ಆ ಚಿತ್ರಾಲಯದಲ್ಲಿ ಯಾವುದೂ ಅಲುಗಾಡುತ್ತಿರಲಿಲ್ಲ. ದೋಣಿಯ ಚಿತ್ರ ಬಾಗಿಲ ಬಲಕ್ಕೆ, ಹಣ್ಣಿನ ತಟ್ಟೆ ಕಿಟಕಿಯ ಪಕ್ಕ, ಸೂಜಿಗೆ ದಾರ ಪೋಣಿಸುವ ಹೆಂಗಸು ಅವನ ಕುರ್ಚಿಗೆ ನೇರ ಎದುರು. ಹಲಗೆ ಹಾಸಿನ ನೆಲ ಎಲ್ಲಿ ಕಿರ್ ಎಂದರೆ ಯಾರು ಯಾವ ಚಿತ್ರದ ಮುಂದಿದ್ದಾರೆ ಎಂದು ಕಿವಿಯೇ ಹೇಳುತ್ತಿತ್ತು. ಪ್ರತಿ ಚಿತ್ರದ ಮುಂದೂ ನೆಲದ ಮೇಲೊಂದು ಬಿಳಿ ಗೆರೆ. ಗೆರೆಯ ಹಲಗೆ ಕಿರುಗುಟ್ಟಿದ್ದೇ ತಡ, ಹದ್ದಣ್ಣ ಕೂತಲ್ಲಿಂದಲೇ ಗದರುತ್ತಿದ್ದ: “ಗೆರೆ ದಾಟ್ಬೇಡಿ, ಸ್ವಲ್ಪ ಹಿಂದೆ ಸರೀರಿ.” ಜನ ಬೆಚ್ಚಿ ಸರಿಯುತ್ತಿದ್ದರು.

ಗೊತ್ತಿದ್ದದ್ದು ಮಗಳಿಗೆ ಮಾತ್ರ. ಗಂಡ ಸತ್ತ ಮೇಲೆ ಅಪ್ಪನ ಮನೆಗೇ ಬಂದವಳು. ಚಿತ್ರಾಲಯದಲ್ಲಿ ಬೆಳಗಿನ ಕಸ ಗುಡಿಸುತ್ತಿದ್ದಳು.

“ಅಪ್ಪಾ, ಕಣ್ಣಾಸ್ಪತ್ರೆಗೆ ಹೋಗೋಣ ಬಾ. ಕೈ ಮುಗೀತೀನಿ.”

“ಹೋದ್ರೆ ಡಾಕ್ಟ್ರು ಬರ್ದು ಕೊಡ್ತಾರೆ. ಬರ್ದಿದ್ದು ಆಫೀಸಿಗೆ ಹೋಗುತ್ತೆ. ಆಮೇಲೆ ನಾನೂ ನೀನೂ ಬೀದೀಲಿ. ಸುಮ್ನಿರು.”

ಅವನ ಹೆದರಿಕೆ ಸುಳ್ಳಲ್ಲ. ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದವನಿಗೆ ಕಿವಿ ಕೇಳದಾದಾಗ ಹಿಂದಿನ ಅಧಿಕಾರಿ ಅವನನ್ನು ಮನೆಗೆ ಕಳಿಸಿ, ಸಿಬ್ಬಂದಿ ವಸತಿಯನ್ನೂ ಬಿಡಿಸಿದ್ದ. ಆ ಮನುಷ್ಯ ಅದೇ ಗೇಟಿನ ಹೊರಗೆ ಬಾಚಣಿಗೆ ಮಾರುತ್ತ ಕೂತದ್ದನ್ನು ಹದ್ದಣ್ಣ ಕಣ್ಣು ಚೆನ್ನಾಗಿದ್ದ ಕಾಲದಲ್ಲೇ ನೋಡಿದ್ದ.

ಹೀಗೇ ನಿವೃತ್ತಿಯವರೆಗೆ ದಬ್ಬಿಬಿಡುತ್ತಿದ್ದನೇನೋ. ಅಷ್ಟರಲ್ಲಿ ಚಿತ್ರಾಲಯದ ಅಧಿಕಾರಿಯಾಗಿ ಹೊಸ ಮೇಡಂ ಬಂದರು. ಒಳ್ಳೆಯವರೇ, ಅದರಲ್ಲಿ ಎರಡು ಮಾತಿಲ್ಲ. ಹೊಸ ಚಿತ್ರ ಕೊಳ್ಳಲು ನಗರಸಭೆ ಬಿಡಿಗಾಸೂ ಬಿಚ್ಚುವುದಿಲ್ಲ ಎಂದು ಗೊತ್ತಾದ ಕೂಡಲೇ ಎಲ್ಲರನ್ನೂ ಸೇರಿಸಿ ಹೇಳಿದರು:

“ನಮ್ಮತ್ರ ಇರೋದೇನು ಕಮ್ಮಿ ಇಲ್ಲ. ಇರೋದನ್ನೇ ಹೊಸದಾಗಿ ತೋರಿಸೋಣ. ಇಸವಿ ಪ್ರಕಾರ ಸಾಲಾಗಿ ನೇತು ಹಾಕಿದ್ದು ಸಾಕು. ನೀರಿಗೆ ಒಂದು ಕೋಣೆ, ಮುಖಗಳಿಗೆ ಒಂದು ಕೋಣೆ, ಕೆಲಸ ಮಾಡೋ ಕೈಗಳಿಗೆ ಒಂದು ಕೋಣೆ. ಉಗ್ರಾಣದಲ್ಲಿ ಧೂಳು ತಿನ್ನೋವೂ ಮೇಲೆ ಬರ್ಲಿ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಹದ್ದಣ್ಣನೂ ತಟ್ಟಿದ.

ಗೋಡೆಗಳು ಬೋಳಾದವು. ಸುತ್ತಿಗೆ, ಏಣಿ, ಬಣ್ಣದ ಡಬ್ಬಿಗಳ ನಡುವೆ ಅವನು ತನ್ನ ಕೋಣೆಯಲ್ಲೇ ಪರದೇಶಿಯಾದ. ಎಲ್ಲಕ್ಕಿಂತ ದೊಡ್ಡ ಹೊಡೆತವೆಂದರೆ ನೆಲಕ್ಕೆ ದಪ್ಪ ಕಾರ್ಪೆಟ್ ಬಂತು. ಬಿಳಿ ಗೆರೆಗಳನ್ನು ಅದರ ಮೇಲೆ ಹೊಸದಾಗಿ ಎಳೆದರು, ಆದರೆ ಕಿರುಗುಟ್ಟುತ್ತಿದ್ದ ಹಲಗೆಗಳ ಬಾಯಿ ಮುಚ್ಚಿಹೋಯಿತು.

ಸಾಲದ್ದಕ್ಕೆ ಮೇಡಂಗೆ ಇನ್ನೊಂದು ಯೋಚನೆ ಹೊಳೆಯಿತು. ಕಾವಲುಗಾರರು ಗೊಂಬೆಗಳ ಹಾಗೆ ಕೂರಬಾರದು. ಒಬ್ಬೊಬ್ಬರೂ ತಮಗೆ ಇಷ್ಟವಾದ ಒಂದು ಚಿತ್ರ ಆರಿಸಿ, ಉದ್ಘಾಟನೆಯ ದಿನ ಅದರ ಪಕ್ಕ ನಿಂತು ಬಂದವರಿಗೆ ಮಾತಾಡಿ ತಿಳಿಸಬೇಕು.

“ಹದ್ದಣ್ಣ, ಮೊದಲು ನೀವೇ. ಯಾವ್ದು ನಿಮ್ದು?”

“ಸೂಜಿ ಹೆಂಗಸು, ಮೇಡಂ,” ಎಂದ ತಟ್ಟನೆ. ಕಣ್ಣು ಮುಚ್ಚಿದರೂ ಕಾಣುತ್ತಿದ್ದ ಚಿತ್ರ ಅದೊಂದೇ.

“ಭಲೇ! ಅದನ್ನ ಸ್ವಚ್ಛ ಮಾಡೋಕೆ ಕಳ್ಸಿದೀವಿ. ಉದ್ಘಾಟನೆ ದಿನ ಬೆಳಿಗ್ಗೆ ಬರುತ್ತೆ.”

ರಜೆಯ ದಿನ ಗುಡಿಸುವ ನೆಪದಲ್ಲಿ ಮಗಳು ಅವನನ್ನು ಕೋಣೆಯೊಳಗೆ ನಡೆಸಿ, ಕೈ ಹಿಡಿದು ಪಾಠ ಹೇಳಿದಳು. “ಇಲ್ಲಿ ಬಡಗಿ. ಇಲ್ಲಿ ಬಲೆ ನೇಯೋನು. ಇಲ್ಲಿ ಬೆಂಚು, ಮೊಣಕಾಲಿಗೆ ತಗಲುತ್ತೆ, ಹುಷಾರು. ಈ ಮೊಳೆ ಖಾಲಿ ಇದೆ, ಸೂಜಿ ಹೆಂಗಸು ಬರೋದು ಇಲ್ಲೇ.” ಹದ್ದಣ್ಣ ಶಾಲೆಯ ಹುಡುಗನ ಹಾಗೆ ಒಪ್ಪಿಸಿದ. ಒಂದೂ ತಪ್ಪಲಿಲ್ಲ. ಬಚಾವಾದೆವು ಎಂದುಕೊಂಡರು, ಪಾಪ.

ಉದ್ಘಾಟನೆಯ ದಿನ ಚಿತ್ರ ಬಂತು, ಮೊಳೆಗೆ ಏರಿತು. ಪಕ್ಕದ ಕೋಣೆ ಕಾಯುವ ಅಕ್ಕ ಇಣುಕಿ, “ಅಯ್ಯೋ ಹದ್ದಣ್ಣ, ನಿಮ್ ಹೆಂಗಸು ಎಷ್ಟು ಬದಲಾಗಿದಾಳೆ!” ಎಂದು ಓಡಿದಳು. ತೊಳೆದದ್ದಕ್ಕೆ ಹೊಳಪು ಬಂದಿರಬೇಕು ಎಂದುಕೊಂಡ. ಬಿಡಿಸಿ ಹೇಳುವ ಅಗತ್ಯ ಯಾರಿಗೂ ಕಾಣಲಿಲ್ಲ. ಬೆಳಗಿನಿಂದ ಅದರ ಪಕ್ಕವೇ ನಿಂತವನಿಗೆ ಏನೆಂದು ಹೇಳುವುದು?

ನಗರಸಭೆಯ ಅಧ್ಯಕ್ಷರು ಬಂದರು, ಸದಸ್ಯರು ಬಂದರು, ಮನೆಮಕ್ಕಳನ್ನೂ ಕರೆತಂದಿದ್ದರು. ಅಂಗಳ ಗುಡಿಸಿ ಆಗಷ್ಟೇ ಒಳಬಂದ ಮಗಳು, ಚಿತ್ರ ಕಾಣದ ಕಂಬದ ಹಿಂದೆ ಪೊರಕೆ ಹಿಡಿದು ನಿಂತಳು. ಹದ್ದಣ್ಣ ಗಂಟಲು ಸರಿಮಾಡಿಕೊಂಡ.

“ನೋಡಿ ಸ್ವಾಮಿ. ದೀಪ ಇಟ್ಕೊಂಡು ಕೂತಿದಾಳೆ. ಸೂಜಿ ಎಡಗೈಲಿ, ದಾರ ಬಲಗೈಲಿ. ತುಟಿಲಿ ದಾರದ ತುದಿ ಒದ್ದೆ ಮಾಡ್ಕೊಂಡಿದಾಳೆ, ಇನ್ನೂ ಪೋಣಿಸಿಲ್ಲ. ನಾನು ಇಷ್ಟು ವರ್ಷ ಕಾದಿದೀನಿ, ಒಂದಿನಾನೂ ಪೋಣಿಸಿಲ್ಲ.”

ಜನ ನಕ್ಕರು. ಮೇಡಂ ಹಿಗ್ಗಿದರು. ಅವನಿಗೂ ಹುರುಪು ಬಂತು, ಅಲ್ಲಿಗೇ ನಿಲ್ಲಿಸಬಾರದಿತ್ತೇ?

“ಅವಳ ಹಿಂದೆ ನೋಡಿ. ಏನೂ ಇಲ್ಲ. ಬರೀ ಕತ್ತಲು. ಕರೆದ್ರೆ ಓ ಅನ್ನೋಕೆ ಮನೇಲಿ ಒಂದು ನರಪಿಳ್ಳೆ ಇಲ್ಲ ಅವಳಿಗೆ.”

ನಗು ನಿಂತುಹೋಯಿತು. ಯಾರದೋ ಮನೆಯ ಪುಟ್ಟ ಹುಡುಗಿ ಗಟ್ಟಿಯಾಗಿ ಹೇಳಿತು: “ಇದಾಳಲ್ಲ! ಬಾಗ್ಲಲ್ಲಿ ಒಂದು ಹುಡ್ಗಿ ನಿಂತಿದಾಳೆ. ಈ ತಾತಂಗೆ ಕಾಣಲ್ವಾ?”

ಹಳೆಯ ವಾರ್ನಿಷಿನ ಮಸಿ ತೊಳೆದಾಗ ಕತ್ತಲಿನೊಳಗಿಂದ ಒಂದು ಬಾಗಿಲು, ಬಾಗಿಲಲ್ಲೊಬ್ಬಳು ಹುಡುಗಿ ಎದ್ದು ಬಂದಿದ್ದಳು. ಊರಿಗೆಲ್ಲ ಕಂಡದ್ದು ಅವನಿಗೆ ಕಂಡಿರಲಿಲ್ಲ. ಹದ್ದಣ್ಣ ತಲೆ ಓರೆ ಮಾಡಿದ, ಇತ್ತ ವಾಲಿದ, ಅತ್ತ ವಾಲಿದ. ಅಷ್ಟು ಜನರ ಎದುರು ಹಾಗೆ ತಡಕಾಡಿದ್ದೇ ಸಾಕಾಯಿತು. ಕಂಬದ ಹಿಂದೆ ಪೊರಕೆ ಕೆಳಗೆ ಬಿತ್ತು.

ಮೇಡಂ ತಮ್ಮ ಕೋಣೆಗೆ ಕರೆದು ಕೂರಿಸಿ ನೀರು ಕೊಟ್ಟರು.

“ಮೊದ್ಲೇ ನಂಗೊಂದು ಮಾತು ಹೇಳ್ಬಾರ್ದಿತ್ತಾ? ಬೇರೆ ಏನಾದ್ರೂ ಕೆಲಸ ಹುಡುಕ್ತಿದ್ದೆ. ಈಗ ಅಧ್ಯಕ್ಷರೇ ಕಣ್ಣಾರೆ ನೋಡಿದಾರೆ. ಕುರುಡನ್ನ ಕಾವಲಿಗೆ ಇಟ್ಟಿದೀರಾ ಅಂತ ನನ್ನೇ ಕೇಳಿದ್ರು. ನನ್ನ ಕೈಲಿ ಏನೂ ಉಳಿದಿಲ್ಲ, ಹದ್ದಣ್ಣ.”

ಹೇಳಬಹುದಿತ್ತು ಎಂಬುದು ಅವನಿಗೆ ಹೊಳೆದೇ ಇರಲಿಲ್ಲ. ಕೆಲಸ ಹೋದದ್ದಕ್ಕಿಂತ ಆ ಮಾತೇ ಅವನನ್ನು ಹೆಚ್ಚು ಸುಟ್ಟಿತು. ಕಣ್ಣಾಸ್ಪತ್ರೆಯ ಡಾಕ್ಟರು ದೀಪ ಬಿಟ್ಟು ನೋಡಿ ರೇಗಿದರು: “ಇಷ್ಟು ದಿನ ಏನ್ ಮಾಡ್ತಿದ್ರಿ? ಆಗ್ಲೇ ಬಂದಿದ್ರೆ ಅರ್ಧನಾದ್ರೂ ಉಳೀತಿತ್ತು.”

“ಚಿತ್ರ ಕಾಯ್ತಿದ್ದೆ ಸಾರ್,” ಎಂದ.

ಸಿಬ್ಬಂದಿ ವಸತಿ ಬಿಟ್ಟು ಒಂದು ದರ್ಜಿ ಅಂಗಡಿಯ ಹಿಂದಿನ ಕೋಣೆಗೆ ಹೋದರು. ಈಗ ಬೇರೆ ಕಡೆ ಗುಡಿಸುತ್ತಿದ್ದ ಮಗಳ ಪೊರಕೆಯೇ ಇಬ್ಬರ ಹೊಟ್ಟೆ ಹೊರೆಯಿತು. ಹದ್ದಣ್ಣ ಗೋಡೆಗೆ ಮುಖ ಮಾಡಿ ಕೂರತೊಡಗಿದ. ಕರೆದರೆ ಓಗೊಡುವುದೂ ಕಮ್ಮಿಯಾಯಿತು. ಒಂದು ದಿನ ತಾನಾಗಿಯೇ ಕೇಳಿದ: “ಆ ಹುಡ್ಗೀನ ಒಂದ್ಸಲ ನೋಡ್ಬೇಕು ಕಣಮ್ಮ. ಪೂರ್ತಿ ಹೋಗೋಕ್ಮುಂಚೆ.”

ಕರೆದುಕೊಂಡು ಹೋದಳು. ಕುರ್ಚಿಯಲ್ಲಿ ಹೊಸಬನೊಬ್ಬ ಕೂತಿದ್ದ. ಇವರು ಯಾರೆಂದು ಅವನಿಗೆ ಗೊತ್ತಿಲ್ಲ. ಮಗಳು ಅಪ್ಪನನ್ನು ಚಿತ್ರದ ಎದುರು ನಿಲ್ಲಿಸಿದಳು. ಅವನು ತಲೆ ಓರೆ ಮಾಡಿದ. ಕಣ್ಣಿನ ಅಂಚಿಗೆ ಸ್ವಲ್ಪ ಹಳದಿ ಸಿಕ್ಕಿತು, ದೀಪವಿರಬೇಕು. ಅದರಾಚೆ ಏನೋ ಬೆಳ್ಳಗಿತ್ತು. ಲಂಗವೋ, ಬಾಗಿಲೋ. ಇನ್ನೊಂದು ಚೂರು ಹತ್ತಿರ ಹೋದರೆ ಸಿಕ್ಕೀತು ಎನಿಸಿ ಬಗ್ಗಿದ, ಕಾಲು ಮುಂದಿಟ್ಟ.

“ಏಯ್ ಯಜಮಾನ್ರೇ! ಗೆರೆ ದಾಟ್ಬೇಡಿ. ಹಿಂದೆ ಸರೀರಿ!”

ಮಗಳು ಸಿಟ್ಟಿನಿಂದ ತಿರುಗಿದಳು. “ಯಾರಿಗ್ರೀ ಹೇಳ್ತಿದೀರ? ಇವರು ಯಾರು ಗೊತ್ತಾ ನಿಮ್ಗೆ?”

ಹದ್ದಣ್ಣ ಅವಳ ಕೈ ಅದುಮಿದ. “ಬಿಡಮ್ಮ. ಸರಿಯಾಗೇ ಕಾಯ್ತಿದಾನೆ,” ಎಂದು, ಪಾದದಿಂದ ಕಾರ್ಪೆಟ್ ತಡವುತ್ತ ಹಿಂದೆ ಸರಿದ.