ನೆರಿಗೆ ಮರೆತ ನೂಲು

ಪರದೆ ಹೊಲಿಯುವ ಅಕ್ಕನ ಕತ್ತರಿ ಹತ್ತೊಂಬತ್ತು ವರ್ಷದಲ್ಲಿ ಒಂದು ಪರದೆಯನ್ನೂ ಗಿಡ್ಡ ಮಾಡಿರಲಿಲ್ಲ. ಎಂಥ ಅವಸರದ ಗಿರಾಕಿ ಬಾಗಿಲಲ್ಲಿ ನಿಂತಿದ್ದರೂ ಅಂಚು ಮಡಚುವುದಕ್ಕೆಂದು ಎರಡು ಬೆರಳು ಬಟ್ಟೆ ಹೆಚ್ಚಿಗೆ ಬಿಟ್ಟೇ ಕತ್ತರಿಸುವಳು. ಕಿಟಕಿಯ ಅಗಲವನ್ನಷ್ಟೇ ಚೀಟಿಯಲ್ಲಿ ಬರೆದು ತಂದು, ಅಷ್ಟೇ ಬಟ್ಟೆ ಸಾಕೆಂದು ವಾದಿಸುವವರನ್ನು ಕಂಡರೆ ಅವಳಿಗೆ ಒಳಗೊಳಗೇ ನಗು. ನೆರಿಗೆ ಹಿಡಿದರೆ ಒಂದಕ್ಕೆ ಎರಡು ಬಟ್ಟೆ ಬೇಕೆಂದು ತಿಳಿಯದವರು ಮನೆಯನ್ನು ಹೇಗೆ ಕಟ್ಟಿಸಿದರೋ ಎಂದು, ಅವರು ಮೆಟ್ಟಿಲಿಳಿದ ಮೇಲೆ ಕೇಳುವಳು.

ಇಂಥವಳಿಗೆ ನಲವತ್ತೈದು ದಾಟಿದ ಮೇಲೆ ಬೆಟ್ಟದ ಓಟದ ಹುಚ್ಚು ಹತ್ತಿತು. ಊರ ಹಿಂದಿನ ಕಲ್ಲುಬೆಟ್ಟ ಹತ್ತಿ ಆಚೆ ಬದಿಗೆ ಇಳಿಯಬೇಕು. ಎಂಟಕ್ಕೆ ಹೊರಟವರು ಹನ್ನೊಂದರೊಳಗೆ ನೆತ್ತಿ ಮುಟ್ಟದಿದ್ದರೆ, ಅಲ್ಲಿ ಸೀಟಿ ಹಿಡಿದು ನಿಂತವನು ಬಂದ ದಾರಿಗೆ ಸುಂಕವಿಲ್ಲ ಎಂದು ವಾಪಸು ಕಳಿಸುತ್ತಾನೆ. ಹೋದ ವರ್ಷ ಆರು ನಿಮಿಷ ತಡವಾದದ್ದಕ್ಕೆ ಅವಳನ್ನು ಕಳಿಸಿದ್ದ. ಒಬ್ಬರಿಗೆ ಎರಡೇ ಅವಕಾಶ ಎಂಬುದು ಓಟ ನಡೆಸುವವರ ನಿಯಮ, ಇದು ಎರಡನೆಯದು. ಸಾಲದ್ದಕ್ಕೆ ಹಳೆಯ ಹಾದಿ ಕುಸಿದುಬಿದ್ದು, ಈ ಸಲ ಯಾರೂ ಓಡದ ಹೊಸ ಹಾದಿ.

ಅಕ್ಕ ತನಗೆ ಗೊತ್ತಿದ್ದ ರೀತಿಯಲ್ಲೇ ತಯಾರಾದಳು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಬೆಟ್ಟದ ನಕ್ಷೆ ಹರಡಿ, ನಾಲ್ಕು ಮೂಲೆಗೆ ಗುಂಡುಸೂಜಿ ಚುಚ್ಚಿ, ಹಾದಿಯ ತಿರುವಿನುದ್ದಕ್ಕೂ ಕೆಂಪು ನೂಲನ್ನು ಕೂರಿಸಿದಳು. ತನ್ನ ಓಟಕ್ಕೆ ತಕ್ಕಂತೆ ಅರ್ಧ ಗಂಟೆಗೊಂದು ಗಂಟು. ಕೊನೆಯ ಲೆಕ್ಕಕ್ಕೆ ನೆತ್ತಿ ಹತ್ತು ನಲವತ್ತಕ್ಕೆ ಬಂತು. ಇಪ್ಪತ್ತು ನಿಮಿಷ ಮಿಕ್ಕಿತು. ಜೊತೆಗೆ ಓಡಲು ಒಪ್ಪಿದ್ದ ಮೈದುನ ಬಸ್ಸು ಓಡಿಸುವವನು. ಇಷ್ಟು ಸಮಯ ಮಿಕ್ಕರೆ ಮೇಲೆ ಒಂದು ನಿದ್ದೆ ತೆಗೆಯಬಹುದೆಂದ.

ಓಟಕ್ಕೆ ಎರಡು ವಾರವಿರುವಾಗ, ಒಂದು ಭಾನುವಾರ, ಇಬ್ಬರೂ ಆ ಹಾದಿಯನ್ನು ಪರೀಕ್ಷಿಸಲು ಬೆಳಿಗ್ಗೆ ಎಂಟಕ್ಕೇ ಹೊರಟರು. ಮೊದಲ ಗಂಟು ಸಮಯಕ್ಕೆ ಸರಿಯಾಗಿ ಬಂತು. ಎರಡನೆಯದಕ್ಕೆ ಎಂಟು ನಿಮಿಷ ತಡ. ಮೂರನೆಯದರ ಹೊತ್ತಿಗೆ ಅಕ್ಕ ಗಡಿಯಾರ ನೋಡುವುದನ್ನೇ ಬಿಟ್ಟಳು. ಹಾದಿ ಸುಮ್ಮನೆ ಹತ್ತುತ್ತಿರಲಿಲ್ಲ. ಹತ್ತಿ, ಇಳಿದು, ಬಂಡೆಯ ಬೆನ್ನು ತಬ್ಬಿ, ಮತ್ತೆ ಹತ್ತುತ್ತಿತ್ತು. ಹತ್ತು ಐವತ್ತಕ್ಕೆ ಅವರಿನ್ನೂ ಕೊನೆಯ ಬೋಳುಬಂಡೆಯ ಬುಡದಲ್ಲಿದ್ದರು. ನೀರು ಮುಗಿದಿತ್ತು. ನೆತ್ತಿಯೇನೋ ಕಣ್ಣೆದುರೇ ಇತ್ತು.

ಬಂಡೆಯನ್ನು ಅರ್ಧ ಹತ್ತಿದಾಗ ಮೈದುನನ ಮೀನಖಂಡ ಹಿಡಿದುಕೊಂಡಿತು. ಅವನು ಊರಿದ ಕಾಲಿನಡಿಯಿಂದ ಕಲ್ಲೊಂದು ಜಾರಿ ಕೆಳಗೆ ಹೋಯಿತು. ಅದು ಎಲ್ಲೋ ತಗುಲುವ ಸದ್ದಿಗಾಗಿ ಇಬ್ಬರೂ ಕಾದರು. ಸದ್ದು ಬಹಳ ತಡವಾಗಿ ಬಂತು.

"ಅತ್ತಿಗೆ, ನೀವು ಹೋಗ್ಬಿಟ್ಟು ಬನ್ನಿ. ನಾನೆಲ್ಲೂ ಓಡಿಹೋಗಲ್ಲ," ಎಂದ, ಎರಡೂ ಕೈಯಲ್ಲಿ ಬಂಡೆಯನ್ನು ಅಪ್ಪಿಕೊಂಡೇ.

ಅವಳು ನೆತ್ತಿಯನ್ನೊಮ್ಮೆ ನೋಡಿದಳು. ಆಮೇಲೆ ಅವನ ಪಾದ ಹಿಡಿದು, ಯಾವ ಬಿರುಕಿನಲ್ಲಿ ಊರಬೇಕೋ ಅಲ್ಲಿ ಊರಿಸಿದಳು. ಹಾಗೆ ಒಂದೊಂದೇ ಹೆಜ್ಜೆ ಇಳಿಸಲು ಒಂದು ಗಂಟೆ ಹಿಡಿಯಿತು. ಬಸ್ಸಿನಲ್ಲಿ ಎಂಥ ಇಳಿಜಾರಿಗೂ ಬಗ್ಗದವನು ಅಷ್ಟು ಹೊತ್ತೂ ಕಣ್ಣು ಮುಚ್ಚಿಕೊಂಡೇ ಇಳಿದ.

ಸಂಜೆ ಅಂಗಡಿಯ ಹಿಂಬದಿಯಲ್ಲಿ ಅತ್ತೆ ಪರದೆಯೊಂದಕ್ಕೆ ಕೈಹೊಲಿಗೆ ಹಾಕುತ್ತಿದ್ದರು. ಸೊಸೆ ಮೇಜಿನ ಮುಂದೆ ನಕ್ಷೆ ಹರಡಿಕೊಂಡು ಕೂತದ್ದನ್ನು ಕಂಡು ಎದ್ದು ಬಂದು, ಕನ್ನಡಕವನ್ನು ಹಣೆಗೇರಿಸಿ ನೂಲನ್ನು ನೋಡಿದರು.

"ಇದಕ್ಕೆ ನೆರಿಗೆ ಎಷ್ಟು ಬಿಟ್ಟಿದ್ದೀಯಮ್ಮ?"

ಅಕ್ಕ ನೂಲನ್ನು ನಕ್ಷೆಯಿಂದ ಕಿತ್ತಳು. ಹತ್ತೊಂಬತ್ತು ವರ್ಷ ಯಾರನ್ನು ನೋಡಿ ನಗುತ್ತಿದ್ದಳೋ ಆ ಚೀಟಿಯ ಗಿರಾಕಿ ಈಗ ಅವಳ ಕುರ್ಚಿಯಲ್ಲೇ ಕೂತಿದ್ದ. ಬೆಟ್ಟವನ್ನು ಅವಳು ಕಿಟಕಿಯಂತೆ ಚಪ್ಪಟೆಯಾಗಿ ಅಳೆದಿದ್ದಳು.

ಅವಳು ಹೊಸ ನೂಲು ತೆಗೆದಳು. ನಕ್ಷೆಯಲ್ಲಿ ಎತ್ತರ ತೋರಿಸುವ ಗೆರೆಯೊಂದನ್ನು ದಾಟಿದಾಗಲೆಲ್ಲ ನೂಲಿಗೆ ಒಂದು ಮಡಿಕೆ. ಗೆರೆಗಳು ಒತ್ತೊತ್ತಾದ ಬೋಳುಬಂಡೆಯ ಹತ್ತಿರ ಮಡಿಕೆಗಳೂ ಒತ್ತೊತ್ತಾದವು. ನೂಲನ್ನು ಬಿಡಿಸಿ ಭಾನುವಾರದ ಓಟಕ್ಕೆ ಹೊಂದಿಸಿ, ಹೋದ ವರ್ಷ ಜನರ ಇಕ್ಕಟ್ಟಿನಲ್ಲಿ ಕಳೆದ ನಾಲ್ಕು ನಿಮಿಷ ಸೇರಿಸಿದಾಗ ನೆತ್ತಿ ಹನ್ನೊಂದು ಗಂಟೆ ಹನ್ನೆರಡು ನಿಮಿಷಕ್ಕೆ ಬಂತು. ಹನ್ನೆರಡು ನಿಮಿಷ ಗಿಡ್ಡ.

ಕಾಲು ಬೆಳೆಯುವುದಿಲ್ಲ, ಬೆಟ್ಟ ಕುಗ್ಗುವುದಿಲ್ಲ. ಹಾಗಾದರೆ ಎಲ್ಲಿಂದ ಉಳಿಸುವುದು? ಭಾನುವಾರ ನೀರಿಗಾಗಿ ಐದು ಸಲ ನಿಂತು, ಚೀಲ ಕಳಚಿ, ಮತ್ತೆ ಹೊತ್ತಿದ್ದಳು. ಒಂದು ಸಲಕ್ಕೆ ಎರಡು ನಿಮಿಷ. ಚೀಲದ ಪಟ್ಟಿಗೆ ಎದೆಯ ಮೇಲೆ ಎರಡು ಜೇಬು ಹೊಲಿದು ಬಾಟಲಿ ಕೂರಿಸಿದಳು. ಹತ್ತು ನಿಮಿಷ ಉಳಿಯಿತು. ಇನ್ನೆರಡಕ್ಕೆ ದಾರಿ ಹೇಳಿದವನು ಮೈದುನ, ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ: ಹೋದ ವರ್ಷ ಮರ್ಯಾದೆಗೆಂದು ಹಿಂದೆ ನಿಂತು, ಇಕ್ಕಟ್ಟಿನಲ್ಲಿ ನೂರು ಜನರ ಬೆನ್ನು ನೋಡಿದ್ದಳಲ್ಲ, ಈ ಸಲ ಮೊದಲ ಸಾಲಿಗೆ ನುಗ್ಗಿದರೆ ಆ ನಾಲ್ಕೂ ನಿಮಿಷ ಉಳಿಯುತ್ತದೆ.

"ಮೊದಲ ಸಾಲಲ್ಲಿ ಗಂಡು ಹುಡುಗರು ಇರ್ತಾರಪ್ಪ."

"ಮೊಣಕೈ ಯಾತಕ್ಕಿದೆ ಅತ್ತಿಗೆ?"

ಓಟದ ದಿನ ಅವಳು ಒಬ್ಬಳೇ ಓಡಿದಳು, ಮೊಣಕೈಯನ್ನೂ ಬಳಸಿದಳು. ಬೋಳುಬಂಡೆಯ ಮೇಲೆ ಅಂಗೈ ಸುಲಿಯಿತು. ಭಾನುವಾರದ ಅದೇ ಬಿರುಕುಗಳಲ್ಲಿ ಪಾದ ಊರಿ ನೆತ್ತಿಗೆ ಏರಿದಾಗ ಮೊದಲು ಕಂಡದ್ದು ಸೀಟಿ. ಅದು ಅವನ ಕೈಯಲ್ಲಿತ್ತು, ಇನ್ನೂ ತುಟಿಗೆ ಹೋಗಿರಲಿಲ್ಲ.

ಅವನಿಗೆ ಗುರುತು ಸಿಕ್ಕಿತು. "ಎರಡು ನಿಮಿಷ ಉಳಿದಿದೆ ಅಕ್ಕ, ಕೂತು ಸುಧಾರಿಸ್ಕೊಳ್ಳಿ," ಎಂದ.

"ಅದು ಅಂಚು ಮಡಚೋಕೆ," ಎಂದು ಅವಳು ನಿಲ್ಲದೆ ಆಚೆ ಇಳಿದಳು.