ಜರಡಿ ತಿರುಗಿದ ಶುಕ್ರವಾರ

ಅಂಜನ ನೋಡಿ ಕಳೆದುಹೋದ ಬಳೆ ಎಲ್ಲಿದೆ ಎಂದು ಹೇಳುವವರು ನಮ್ಮ ಉಡುಪಿ ಕಡೆ ಇದ್ದರು. ಅಂಥವರ ಸುದ್ದಿ ಬಂದರೆ ಮೊದಲು ನಗುವವಳು ನಾನೇ. ಈಗಲೂ ನಗುತ್ತೇನೆ, ಆದರೆ ಮೊದಲಿನಷ್ಟು ಜೋರಾಗಿ ನಗಲು ಧೈರ್ಯ ಬರುವುದಿಲ್ಲ. ಮೂರು ವರ್ಷದ ಹಿಂದೆ ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ. ನಂಬಲೇಬೇಕೆಂಬ ಒತ್ತಾಯ ಏನೂ ಇಲ್ಲ.

ಬಹರೈನಿಗೆ ಬಂದು ಜಿಂಜಿನಲ್ಲಿ ಮನೆ ಮಾಡಿದ ಮೇಲೆ ನನಗೊಂದು ಹುಚ್ಚು ಹತ್ತಿತು. ನಾಲ್ಕುನೂರು ವರ್ಷ ಹಳೆಯ ಇಂಗ್ಲೆಂಡಿನ ಕೋರ್ಟು ಕಾಗದಗಳ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ನೋಡಿ, ಆ ಕೋಳಿಕಾಲಿನ ಅಕ್ಷರ ಬಿಡಿಸಿ ಟೈಪು ಮಾಡಿ ಕಳುಹಿಸುವುದು. ಸಂಬಳ ಇಲ್ಲದ ಕೆಲಸ. "ಇವಳಿಗೆ ಬದುಕಿದ್ದವರ ಜಗಳ ಸಾಕಾಗುವುದಿಲ್ಲ, ಸತ್ತವರದ್ದೂ ಬೇಕು" ಎಂದು ನಮ್ಮವರು ತಮಾಷೆ ಮಾಡುತ್ತಾರೆ. ಮಾಡಲಿ. ರಾಜರ ಚರಿತ್ರೆಯಲ್ಲಿ ಸಿಗದ ಜನ ನನಗೆ ಅಲ್ಲಿ ಸಿಗುತ್ತಾರೆ. ಬೀದಿಯಲ್ಲಿ ಬೈದಳೆಂದು ನೆರೆಯವಳ ಮೇಲೆ ದಾವೆ ಹೂಡಿದವಳು, ಬಟಾಣಿ ಸುಲಿಯುತ್ತಾ ಕಂಡದ್ದನ್ನು ಸಾಕ್ಷಿ ಹೇಳಿದವಳು, ಅರ್ಜಿ ಹಿಡಿದು ಪಾರ್ಲಿಮೆಂಟಿನ ಬಾಗಿಲಿಗೇ ಹೋದ ಹೆಂಗಸರು. ತಾವಾಗಿ ಒಂದಕ್ಷರ ಬರೆಯಲಾರದವರ ಮಾತನ್ನು ಗುಮಾಸ್ತ ಬರೆದುಕೊಂಡದ್ದರಿಂದ ಅದು ಉಳಿದಿದೆ.

ಆ ವಾರ ನನಗೆ ಸಿಕ್ಕಿದ್ದು ಚರ್ಚಿನ ಕೋರ್ಟಿಗೆ ಎಳೆಯಲ್ಪಟ್ಟ ಒಬ್ಬ ಹೆಂಗಸಿನ ವಿಚಾರಣೆ. ಕಳೆದ ವಸ್ತು ಹುಡುಕಿಕೊಡುವುದೇ ಅವಳ ಅಪರಾಧ. ಜರಡಿಯ ಮರದ ಅಂಚಿಗೆ ಕತ್ತರಿ ಚುಚ್ಚಿ, ಇಬ್ಬರು ಅದರ ಹಿಡಿಯನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದು, ಪೀಟರ್ ಪೌಲ್ ಸಂತರನ್ನು ನೆನೆದು ಒಬ್ಬೊಬ್ಬರ ಹೆಸರು ಹೇಳಬೇಕು. ತಪ್ಪು ಮಾಡಿದವರ ಹೆಸರಿಗೆ ಜರಡಿ ತಿರುಗುತ್ತದಂತೆ.

ನಮ್ಮ ಜಯಕ್ಕ ಪಕ್ಕದ ಬಡಾವಣೆ ಸೆಗಯಾದ ಹೆಂಗಸರ ಟೈಲರ್ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವರು, ಕಾಪು ಕಡೆಯವರು. ಗಂಡ ತೀರಿಕೊಂಡ ಮೇಲೆ ಇಲ್ಲಿಗೆ ಬಂದು ಮಗಳನ್ನು ಓದಿಸಿದವರು. ಭಾನುವಾರ ಆ ಮಗಳ ಮದುವೆ, ಶುಕ್ರವಾರ ಸಂಜೆ ಇವರ ವಿಮಾನ. ಬೆಳಿಗ್ಗೆ ನಾನು ಅಮ್ಮನಿಗೆಂದು ಒಂದು ಸೀರೆ, ಎರಡು ಡಬ್ಬಿ ಹಲ್ವಾ ಹಿಡಿದು ಅವರ ರೂಮಿಗೆ ಹೋದೆ. ಊರಿಗೆ ಹೋಗುವವರು ಸಿಕ್ಕರೆ ನಾವು ಯಾರೂ ಬಿಡುವವರಲ್ಲ. ಅವರ ಪಾಸ್‌ಪೋರ್ಟ್ ನೋಡಿ ನನ್ನ ಮೊಬೈಲಿನಲ್ಲಿ ಚೆಕ್-ಇನ್ ಮಾಡಿ, ವಾಪಸು ಕೊಟ್ಟೆ. ನಾನು ಕೊಟ್ಟ ನೆನಪು ನನಗಿದೆ, ತಾವು ತೆಗೆದುಕೊಂಡ ನೆನಪು ಜಯಕ್ಕನಿಗೂ ಇದೆ. ಸೀರೆ, ಹಲ್ವಾ ನಾನೇ ಅವರ ರಟ್ಟಿನ ಪೆಟ್ಟಿಗೆಯೊಳಗೆ ಇಟ್ಟೆ. ಕಟ್ಟಡ ಗುಡಿಸುವ ರಫೀಕ್ ಭಾಯಿ, ಗಡ್ಡ ನರೆತ ಬಾಂಗ್ಲಾದೇಶದವರು, ಪೆಟ್ಟಿಗೆಗೆ ಟೇಪು ಸುತ್ತಿ ಹಗ್ಗ ಬಿಗಿದುಕೊಟ್ಟು ನಮಾಜಿಗೆ ಹೋದರು.

ಒಂದು ಗಂಟೆಗೆ ನೋಡಿದರೆ ಹ್ಯಾಂಡ್‌ಬ್ಯಾಗಿನಲ್ಲಿ ಪಾಸ್‌ಪೋರ್ಟ್ ಇಲ್ಲ. ಹಾಸಿಗೆ ಮಗುಚಿದೆವು, ಅಕ್ಕಿ ಡಬ್ಬಿ ಸುರಿದೆವು, ದೇವರ ಫೋಟೋದ ಹಿಂದೆಯೂ ನೋಡಿದೆವು. ಜಯಕ್ಕ ನೆಲಕ್ಕೆ ಕುಸಿದರು.

"ನಾಡಿದ್ದು ಧಾರೆಗೆ ನಾನಿಲ್ದಿದ್ರೆ ಅವಳಿಗೆ ಬೇರೆ ಯಾರುಂಟು ಮಾರಾಯ್ತಿ?"

ಅವರ ಅಳು ನಿಲ್ಲಿಸಲು ಬೇರೇನೂ ತೋಚದೆ ಜರಡಿಯ ಕತೆ ಹೇಳಿದೆ. ಜಯಕ್ಕ ಮೂಗು ಒರೆಸಿಕೊಂಡು ಎದ್ದೇ ಬಿಟ್ಟರು.

"ಮಾಡುವ. ಆ ಪೀಟರ್ ಪೌಲ್ ನಂಗೆ ಗುರ್ತ ಇಲ್ಲ, ನಾನು ನಮ್ಮೂರ ಗುಡಿಯ ಅಮ್ಮನವರನ್ನೇ ನೆನೀತೇನೆ."

ಅವರ ಜೊತೆ ಇರುವ ಶಾಲಿನಿ ಊರಿಂದ ತಂದಿದ್ದ ಹಿಟ್ಟಿನ ಜರಡಿ ತಂದಳು. ಕತ್ತರಿಗೆ ಟೈಲರ್ ರೂಮಿನಲ್ಲಿ ಬರವೇ? ಅವರಿಬ್ಬರು ಹಿಡಿದರು, ನಾನು ದೂರದಲ್ಲಿ ಕೂತು ಹೆಸರು ಹೇಳುವವಳು. ನನ್ನ ಬಾಯಿಂದ ಬಂದ ಮೊದಲ ಹೆಸರು ರಫೀಕ್ ಭಾಯಿಯದು. ಜರಡಿ ಅಲ್ಲಾಡಲಿಲ್ಲ. ತಲೆ ಎತ್ತಿದರೆ, ಪೆಟ್ಟಿಗೆ ಕೆಳಗಿಳಿಸಲು ಬಂದ ರಫೀಕ್ ಭಾಯಿ ಬಾಗಿಲಲ್ಲೇ ನಿಂತಿದ್ದಾರೆ! ನಾಚಿಕೆಯಿಂದ ಮುಖ ಬಿಸಿಯಾಗಿ, ಗಡಿಬಿಡಿಯಲ್ಲಿ ಶಾಲಿನಿಯ ಹೆಸರು ಹೇಳಿದೆ, ಅಂಗಡಿಯ ಅರಬಾಬನ, ಅಂದರೆ ಮಾಲೀಕನ, ಹೆಸರೂ ಹೇಳಿದೆ. ಊಹೂಂ.

"ಮೇಡಂ ಕಾ ನಾಮ್ ಭೀ ಬೋಲೋ" ಎಂದರು ರಫೀಕ್ ಭಾಯಿ, ಶಾಂತವಾಗಿ.

ನಗುತ್ತಲೇ ನನ್ನ ಹೆಸರು ಹೇಳಿಕೊಂಡೆ. ಜರಡಿ ನಿಧಾನವಾಗಿ ಅರ್ಧ ಸುತ್ತು ತಿರುಗಿ, ಕತ್ತರಿ ಸಮೇತ ದಡಾರನೆ ಬಿತ್ತು. "ನಾನಲ್ಲ ತಿರುಗಿಸಿದ್ದು!" ಎಂದು ಇಬ್ಬರೂ ಒಟ್ಟಿಗೆ ಕೂಗಿದರು.

ರಫೀಕ್ ಭಾಯಿ ಪೆಟ್ಟಿಗೆಗೆ ತಾವೇ ಬಿಗಿದಿದ್ದ ಹಗ್ಗವನ್ನು ಕತ್ತರಿಸಿದರು. ಅಮ್ಮನ ಸೀರೆಯ ಮಡಿಕೆಯೊಳಗೆ ಪಾಸ್‌ಪೋರ್ಟ್ ತಣ್ಣಗೆ ಮಲಗಿತ್ತು. ಜಯಕ್ಕ ನನ್ನ ಬೆನ್ನಿಗೆ ಗುದ್ದಿ, ತಬ್ಬಿಕೊಂಡು, ಮತ್ತೆ ಗುದ್ದಿದರು. ನಕ್ಕು ನಕ್ಕು ನಾಲ್ವರಿಗೂ ಕಣ್ಣಲ್ಲಿ ನೀರು. ಹಲ್ವಾದ ಒಂದು ಡಬ್ಬಿ ಅಲ್ಲೇ ಖಾಲಿಯಾಯಿತು. ಭಾನುವಾರ ವಿಡಿಯೋದಲ್ಲಿ ನೋಡಿದೆ: ಮದುಮಗಳ ಪಕ್ಕದಲ್ಲಿ ಜಯಕ್ಕ ಬಾಯ್ತುಂಬ ನಗುತ್ತಿದ್ದರು. ಅಷ್ಟು ಸಂತೋಷ ನನ್ನ ಮದುವೆಯಲ್ಲೂ ನನಗೆ ಆಗಿರಲಿಲ್ಲ.

ಏಸಿಯ ಗಾಳಿ ಇರಬಹುದು, ಆದರೆ ಅದೇ ಗಾಳಿ ಮೊದಲ ಮೂರು ಹೆಸರಿಗೂ ಬೀಸುತ್ತಿತ್ತು. ಕೈ ನಡುಗಿತೆಂದರೆ, ಹಿಡಿದದ್ದು ನನ್ನ ಕೈಯಲ್ಲ. ಮರುವಾರ ರಫೀಕ್ ಭಾಯಿ ಸಿಕ್ಕಾಗ, ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿಯೇಬಿಟ್ಟೆ. ಅವರು ಪೊರಕೆ ಗೋಡೆಗೊರಗಿಸಿ ನಕ್ಕರು. ಗೊತ್ತೇನೂ ಇರಲಿಲ್ಲ ಮೇಡಂ, ಎಲ್ಲರ ಹೆಸರು ಹೇಳಿದಿರಿ, ನಿಮ್ಮದು ಮಾತ್ರ ಹೇಳಲಿಲ್ಲ, ಅಷ್ಟೇ ಎಂದರು.

ಜರಡಿ ಏಕೆ ತಿರುಗಿತು ಎಂಬುದು ನನಗೆ ಇಂದಿಗೂ ಗೊತ್ತಿಲ್ಲ. ಅವರ ಹೆಸರು ಏಕೆ ನನ್ನ ಬಾಯಿಗೆ ಮೊದಲು ಬಂತು ಎಂಬುದು ಗೊತ್ತು.