ನಾನು ಬಿಟ್ಟುಹೋದ ಜಾಗದಲ್ಲಿ ನಿಂತವನು

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ನಾನು ಮುಖದೆದುರೇ ನಕ್ಕುಬಿಡುತ್ತಿದ್ದೆ. ಸಿಮೆಂಟು, ಮರಳು, ಜಲ್ಲಿಯ ನಡುವೆ ಬದುಕುವವನು ನಾನು. ಟೇಪಿನ ಅಳತೆಗೆ ಸಿಗದ್ದನ್ನು ನಂಬುವ ಅಭ್ಯಾಸವೇ ಇರಲಿಲ್ಲ. ಈಗ ನೀವು ನಕ್ಕರೂ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೇ.

ಕೆಲವು ವರ್ಷಗಳ ಹಿಂದಿನ ಮಾತು. ಡಿಪ್ಲೊಮಾ ಮುಗಿಸಿ ಒಬ್ಬ ಕಂಟ್ರಾಕ್ಟರರ ಬಳಿ ಸೈಟ್ ಸೂಪರ್‌ವೈಸರ್ ಆಗಿದ್ದೆ. ಹಗಲು ಕೆಲಸ, ಸಂಜೆ ಮೂಡುಬಿದಿರೆಯಲ್ಲಿ ಪಾರ್ಟ್‌ಟೈಮ್ ಸಿವಿಲ್ ಇಂಜಿನಿಯರಿಂಗ್ ತರಗತಿ. ಪಾಠ ಕೇಳಿದ್ದಕ್ಕಿಂತ ಹೆಲ್ಮೆಟ್ಟಿನ ಮೇಲೆ ತಲೆಯಿಟ್ಟು ನಿದ್ದೆ ಹೊಡೆದದ್ದೇ ಹೆಚ್ಚು. ಆಗ ವೇಣೂರಿನಲ್ಲಿ ಸುಮತಿಯಕ್ಕನ ಮನೆ ಕಟ್ಟುತ್ತಿದ್ದೆವು. ಗಂಡ ದುಬೈಯಲ್ಲಿದ್ದರು, ಅಕ್ಕ ಪುಟ್ಟ ಮಗಳೊಂದಿಗೆ ಪಕ್ಕದಲ್ಲೇ ಬಾಡಿಗೆಗಿದ್ದರು.

ಆ ಮನೆಯ ಬಾಗಿಲ ಮೇಲೆ, ಕಂಬವಿಲ್ಲದೆ ಗೋಡೆಯಿಂದ ಐದಡಿ ಹೊರಗೆ ಚಾಚುವ ಸ್ಲ್ಯಾಬ್ ಇತ್ತು. ಅಂಥ ಸ್ಲ್ಯಾಬಿನಲ್ಲಿ ಮುಖ್ಯ ಕಬ್ಬಿಣದ ಸರಳುಗಳು ಮೇಲ್ಭಾಗದಲ್ಲೇ ಇರಬೇಕು. ಕಾಂಕ್ರೀಟ್ ಹಾಕುವಾಗ ಯಾರಾದರೂ ಮೆಟ್ಟಿ ಅವು ಕೆಳಗೆ ಕೂತರೆ, ಅಡಿಯಲ್ಲಿ ಆಧಾರಕ್ಕಿಟ್ಟ ಹಲಗೆ, ಕಂಬಗಳ ಸೆಂಟ್ರಿಂಗ್ ಬಿಚ್ಚಿದ ದಿನ ಸ್ಲ್ಯಾಬ್ ಮುರಿದು ಬೀಳುತ್ತದೆ. ಹಾಗಾಗಿ ಮುಗಿಯುವವರೆಗೆ ಒಬ್ಬ ಅಲ್ಲೇ ನಿಂತು ನೋಡಬೇಕು. ಆ ಒಬ್ಬ ನಾನು.

ಕಾಂಕ್ರೀಟಿನ ದಿನವೇ ಸಂಜೆ ಐದೂವರೆಗೆ ನನಗೆ ಪರೀಕ್ಷೆ. ಮಿಕ್ಸರ್ ಕೆಟ್ಟು ಕೆಲಸ ತಡವಾಯಿತು. ನಾಲ್ಕೂವರೆಗೆ ಒಳಗಿನ ಭಾಗ ಮುಗಿದಿತ್ತು. ಹೊರಗೆ ಚಾಚುವ ಭಾಗಕ್ಕೆ ಒಂದು ಬುಟ್ಟಿ ಕಾಂಕ್ರೀಟೂ ಬಿದ್ದಿರಲಿಲ್ಲ. ಯಾರಿಗೂ ಹೇಳದೆ ಬೈಕನ್ನು ತಳ್ಳಿಕೊಂಡು ಹೋಗಿ ತಿರುವಿನಾಚೆ ಸ್ಟಾರ್ಟ್ ಮಾಡಿದೆ. ಕಳ್ಳತನವೇ, ಮುಚ್ಚಿಡುವುದೇನು!

ಮರುದಿನ ಬೆಳಿಗ್ಗೆ ನೀರು ಹಾಕಿಸಲು ಮೇಲೆ ಹತ್ತಿದೆ. ನಮ್ಮ ಹಿರಿಯ ಕೆಲಸಗಾರ ಬಾಬು ಮೇಸ್ತ್ರಿ ನನ್ನನ್ನೇ ಒಂಥರಾ ನೋಡುತ್ತಿದ್ದರು.

“ನಿನ್ನೆ ನಿಮಗೆ ಎಂಥ ಆದದ್ದು ಮಾರಾಯ್ರೆ? ಮೂರು ಸಲ ಕರೆದೆ. ಒಂದು ಮಾತಿಲ್ಲ, ಕತೆಯಿಲ್ಲ.”

“ಯಾವಾಗ?”

“ಸಂಜೆ, ಕೆಲಸ ಮುಗಿಯುವವರೆಗೂ. ಸರಳು ಮೆಟ್ಬೇಡಿ ಅಂತ ನಮಗೆ ಬೈಯುವವರು, ನೀವೇ ಗೋಡೆ ಉದ್ದಕ್ಕೂ ಸರಳಿನ ಮೇಲೆ ಅತ್ತಿತ್ತ ನಡೀತಾ ಇದ್ರಿ. ಇಂಜಿನಿಯರಿಗೆ ನಾನು ಎಂಥ ಹೇಳುವುದು?”

ತಮಾಷೆ ಎಂದುಕೊಂಡೆ. ಅವರು ಬೆರಳು ತೋರಿಸಿದರು. ಗಟ್ಟಿಯಾದ ಕಾಂಕ್ರೀಟಿನಲ್ಲಿ ಒಂದು ಜೊತೆ ಬೂಟಿನ ಅಚ್ಚು. ಉಳಿದವನ್ನೆಲ್ಲ ಕರಣೆಯಲ್ಲಿ ಸವರಿದ್ದರಂತೆ; ಕೊನೆಗೆ ‘ನಾನು’ ನಿಂತಲ್ಲಿಂದ ಸರಿಯದ ಕಾರಣ ಇದೊಂದು ಉಳಿದಿತ್ತು. ಎಡ ಹಿಮ್ಮಡಿಯಲ್ಲಿ ಚೌಕದ ತೇಪೆ, ಮೂರು ಮೊಳೆಯ ತಲೆ. ನಾನು ನಿಂತಲ್ಲೇ ಕಾಲೆತ್ತಿ ನನ್ನ ಬೂಟಿನ ಅಡಿ ನೋಡಿಕೊಂಡೆ. ಹಿಂದಿನ ವಾರವಷ್ಟೇ ಸೈಕಲ್ ಟ್ಯೂಬಿನ ತುಂಡಿಟ್ಟು ಹಾಕಿಸಿದ ತೇಪೆ. ಮೂರು ಮೊಳೆ. ಕಾಲನ್ನು ಅಚ್ಚಿನೊಳಗೆ ಇಟ್ಟೆ; ಸರಿಯಾಗಿ ಕೂತಿತು.

ನಿಜ ಹೇಳಬೇಕೆಂದರೆ, ಆಮೇಲೆ ನಾನು ಸುಮ್ಮನಿದ್ದುಬಿಟ್ಟೆ. ಮೇಸ್ತ್ರಿ ಸೇರಿ ಆರು ಮಂದಿ ಕೆಲಸದವರು ನನ್ನನ್ನು ಕಂಡಿದ್ದಾರೆ, ಓಡಿಹೋದದ್ದು ಯಾರಿಗೂ ಗೊತ್ತಿಲ್ಲ. ಕೆಲಸ ಉಳಿಯಿತಲ್ಲ ಎಂಬ ಹೇಡಿ ಸಮಾಧಾನ. ಆದರೆ ಆ ಹದಿನಾಲ್ಕು ದಿನ ಬೂಟುಗಳನ್ನು ಕೋಣೆಯ ಹೊರಗಿಟ್ಟು ಬಾಗಿಲಿಗೆ ಎರಡು ಚಿಲಕ ಹಾಕಿ ಮಲಗುತ್ತಿದ್ದೆ. ತಮಾಷೆಯಲ್ಲ, ಹಾಗೆಯೇ ಮಾಡುತ್ತಿದ್ದೆ.

ಹದಿನೈದನೆಯ ದಿನ ಸೆಂಟ್ರಿಂಗ್ ಬಿಚ್ಚಲು ಬಂದೆವು. ಸುಮತಿಯಕ್ಕ ಎಲ್ಲರಿಗೂ ಅವಲಕ್ಕಿ, ಚಹಾ ತಂದಿದ್ದರು. ಮಗಳು ಅದೇ ಸ್ಲ್ಯಾಬಿನ ಕೆಳಗೆ ಇದ್ದಲಿನಿಂದ ಕುಂಟಾಟದ ಮನೆ ಬರೆಯುತ್ತಿದ್ದಳು. “ಬಾಗಿಲ ಎದುರು ಒಳ್ಳೆ ನೆರಳಾಯ್ತು, ಇವಳಿಗೆ ಇನ್ನು ಆಟ ಇಲ್ಲೇ” ಎಂದು ಅಕ್ಕ ನಕ್ಕರು. ಮೇಸ್ತ್ರಿ ಮೊದಲ ಆಧಾರಕ್ಕೆ ಸುತ್ತಿಗೆ ಎತ್ತಿದರು.

“ಬೇಡ! ಮುಟ್ಟಬೇಡಿ!” ಎಂದು ಕಿರುಚಿದೆ. ಮಗುವನ್ನು ಎಳೆದು ಹೊರಗೆ ತಂದೆ. ಎಲ್ಲರೆದುರೇ ಹೇಳಿದೆ: ಅಂದು ನಾನು ಇಲ್ಲಿರಲಿಲ್ಲ.

ಆಧಾರಗಳನ್ನು ಹಾಗೆಯೇ ಇಟ್ಟು ಮೇಲಿನಿಂದ ಒಡೆಸಿದೆವು. ಗೋಡೆಯ ಉದ್ದಕ್ಕೂ ಒಂದು ಸರಳೂ ಮೇಲಿರಲಿಲ್ಲ. ಎಲ್ಲವೂ ತಳದ ಹಲಗೆಗೆ ತಾಗಿ ಮಲಗಿದ್ದವು. ಸುಮತಿಯಕ್ಕ ಮಗಳನ್ನು ಎತ್ತಿಕೊಂಡು ಹೋದರು. ಕಂಟ್ರಾಕ್ಟರ್ ಮಾತ್ರ ಬಿಡಲಿಲ್ಲ.

“ಮೆಟ್ಟಿ ಹಾಳು ಮಾಡಿದ್ದೂ ನೀನೇ. ಈಗ ಇರಲೇ ಇಲ್ಲ ಅಂತ ಕತೆ ಕಟ್ತೀಯಾ?”

ನನ್ನ ಬಳಿ ಆ ದಿನದ ಪರೀಕ್ಷೆಯ ಹಾಲ್‌ಟಿಕೆಟ್ ಇತ್ತು. ಅದರ ಮೇಲೆ ಪರೀಕ್ಷಾ ಕೊಠಡಿಯ ಮೇಲ್ವಿಚಾರಕರ ಸಹಿ ಇತ್ತು. ಅವರ ಬಳಿ ಕಣ್ಣಾರೆ ಕಂಡ ಆರು ಮಂದಿ ಇದ್ದರು. ಯಾರೂ ಸುಳ್ಳು ಹೇಳುತ್ತಿರಲಿಲ್ಲ, ನಾನೂ ಸೇರಿ. ಅಚ್ಚಿದ್ದ ತುಂಡು ಒಡೆದ ಕಾಂಕ್ರೀಟಿನ ಜೊತೆ ಯಾವುದೋ ಹೊಂಡಕ್ಕೆ ಸೇರಿತು. ಬೂಟನ್ನು ನಾನೇ ಸುಟ್ಟೆ.

ಈಗ ಡಿಗ್ರಿ ಮುಗಿದಿದೆ, ಬಂಟ್ವಾಳದಲ್ಲಿ ಸ್ವಂತ ಕೆಲಸ ಹಿಡಿದಿದ್ದೇನೆ. ಕಾಂಕ್ರೀಟಿನ ದಿನ ಊಟಕ್ಕೂ ಸೈಟ್ ಬಿಟ್ಟು ಕದಲುವುದಿಲ್ಲ. ಎಂಥ ಕರ್ತವ್ಯನಿಷ್ಠೆ ಎಂದು ಜನ ಹೊಗಳುತ್ತಾರೆ. ನಿಷ್ಠೆಯೂ ಇಲ್ಲ, ಮಣ್ಣೂ ಇಲ್ಲ, ಹೆದರಿಕೆ. ನಾನು ಹೋದರೆ ನನ್ನ ಮುಖ ಹೊತ್ತ ಅವನು ಬಂದು ನಿಲ್ಲುತ್ತಾನೆ.